ಹಿಟ್ಟಿನ ಹುಂಜ, ಸೋಯಾದ ಮಾಂಸ

ಕೊಲ್ಲದೆಯೇ ಕೊಂದ ಫಲ ದೊರೆಯಬಹುದೆ, ತಿನ್ನದೆಯೇ ತಿಂದ ರುಚಿ ದೊರೆಯಬಹುದೆ ಎಂಬ ಪ್ರಶ್ನೆ ಕನ್ನಡ ನಾಡಿಗೆ ಹೊಸತೇನೂ ಅಲ್ಲ. ಹೊಯ್ಸಳ ವೀರಬಲ್ಲಾಳನ ಆಸ್ಥಾನದಲ್ಲಿದ್ದ ಜನ್ನ ಮಹಾಕವಿಯು 1209ರಲ್ಲಿ ರಚಿಸಿದ ‘ಯಶೋಧರ ಚರಿತೆ’ಯ ತಿರುಳೇ ಅದು. ಅದಕ್ಕೂ ಮುನ್ನ 959ರಲ್ಲಿ ಸೋಮದೇವಸೂರಿಗಳು ತಮ್ಮ ‘ಯಶಸ್ತಿಲಕ’ ಚಂಪುವಿನಲ್ಲಿ ಇದೇ ಕಥೆಯನ್ನು ಸಂಸ್ಕೃತದಲ್ಲಿ ಹೇಳಿದ್ದರು. ಉಜ್ಜಯಿನಿಯ ಅರಸ ಯಶೋಧರನಿಗೆ ರಾಣಿ ಅಮೃತಮತಿಯ ನಡತೆಯನ್ನು ಕಂಡು ಮನಸ್ಸು ಕದಡಿದೆ. ನಿಜವನ್ನು ತಾಯಿಯೆದುರು ನುಡಿಯಲಾರದೆ ದುಃಸ್ವಪ್ನವೊಂದನ್ನು ಕಂಡೆನೆಂದು ಹೇಳುತ್ತಾನೆ. ಕನಸಿನ ದೋಷಕ್ಕೆ ಪ್ರಾಣಿಬಲಿಯೇ ಪರಿಹಾರವೆಂದು ತಾಯಿ ಚಂದ್ರಮತಿ ಹಟ ಹಿಡಿಯುತ್ತಾಳೆ, ಮಗ ಒಲ್ಲೆನೆನ್ನುತ್ತಾನೆ. ಇಬ್ಬರ ನಡುವೆ ಹುಟ್ಟಿಕೊಳ್ಳುವ ಒಪ್ಪಂದವೇ ಹಿಟ್ಟಿನ ಹುಂಜ. ಅದರೊಳಗೆ ಬೆಂತರವೊಂದು ಹೊಕ್ಕು, ಕತ್ತಿ ಬಿದ್ದೊಡನೆ ಹಿಟ್ಟಿನ ಗೊಂಬೆಯೇ ಕೂಗಿಕೊಳ್ಳುತ್ತದೆ. ಮುಂದೆ ತಾಯಿ ಮಗ ಇಬ್ಬರೂ ನವಿಲು, ನಾಯಿ, ಮೀನು, ಆಡು ಮೊದಲಾದ ಜನ್ಮಗಳಲ್ಲಿ ತೊಳಲಿ, ಕೊನೆಗೆ ತಾವೇ ಕೋಳಿಗಳಾಗಿ ಹುಟ್ಟಿ ಬಾಣಕ್ಕೆ ಗುರಿಯಾಗುತ್ತಾರೆ. ಗಿರೀಶ ಕಾರ್ನಾಡರು 1980ರಲ್ಲಿ ‘ಹಿಟ್ಟಿನ ಹುಂಜ’ ನಾಟಕವನ್ನು ಬರೆದ ಮೇಲಂತೂ ಈ ಕಥೆ ಜೈನೇತರ ವಾಚಕರಿಗೂ ಸುಪರಿಚಿತವಾಗಿದೆ.

ಈಗ ಆ ಹುಂಜ ಕಾರ್ಖಾನೆಯಿಂದ ಹೊರಬರುತ್ತಿದೆ. ಅಮೆರಿಕದಲ್ಲಿ 2009ರಲ್ಲಿ ಆರಂಭವಾದ ಬಿಯಾಂಡ್ ಮೀಟ್ ಸಂಸ್ಥೆ ಬಟಾಣಿಯ ಪ್ರೋಟೀನಿನಿಂದಲೂ, 2011ರಲ್ಲಿ ಆರಂಭವಾದ ಇಂಪಾಸಿಬಲ್ ಫುಡ್ಸ್ ಸಂಸ್ಥೆ ಸೋಯಾದಿಂದಲೂ ಮಾಂಸದ ಬಣ್ಣ, ಎಳೆ, ವಾಸನೆಗಳನ್ನು ಅನುಕರಿಸುವ ಪದಾರ್ಥಗಳನ್ನು ತಯಾರಿಸಿದವು. ಭಾರತದಲ್ಲಿ 2016ರಲ್ಲಿ ಉದಯಪುರದ ಗುಡ್‌ಡಾಟ್ ಮೊದಲಾಯಿತು. 2022ರ ಹೊತ್ತಿಗೆ ಐಟಿಸಿ, ಟಾಟಾದಂತಹ ದೊಡ್ಡ ಮನೆತನಗಳೂ ಈ ಪೇಟೆಗೆ ಇಳಿದವು. ಇಂತಹ ಪೊಟ್ಟಣಗಳು ಬೆಂಗಳೂರಿನ ಅಂಗಡಿಗಳ ಶೀತಲ ಪೆಟ್ಟಿಗೆಗಳಿಂದ ಮೈಸೂರು ರಸ್ತೆ, ಮಾಗಡಿ ರಸ್ತೆ, ಕನಕಪುರ ರಸ್ತೆಗಳನ್ನು ಹಿಡಿದು ಊರುಗಳಿಗೂ ಬಂದು ಮುಟ್ಟುವುದರಲ್ಲಿ ಸೋಜಿಗವೇನಿಲ್ಲ. ರಜೆಗೆಂದು ಊರಿಗೆ ಬರುವ ಮಕ್ಕಳು ಮೊಮ್ಮಕ್ಕಳೇ ಅವನ್ನು ಹೊತ್ತು ತರುತ್ತಾರೆ.

ಈ ಪದಾರ್ಥಗಳನ್ನು ಕುರಿತು ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆಗಳು ಮೂರು: ಇವು ಆರೋಗ್ಯಕ್ಕೆ ಹಿತವೆ, ಭೂಮಿಗೆ ಹಿತವೆ, ಅತಿಯಾಗಿ ಸಂಸ್ಕರಿಸಿದ ಕಾರ್ಖಾನೆಯ ಸರಕು ಮಾತ್ರವೆ. ಶ್ರಾವಕರ ಮನೆಯಲ್ಲಿ ಇವುಗಳಿಗಿಂತ ಮೊದಲು ಬೇರೊಂದು ಪ್ರಶ್ನೆ ಎದ್ದು ನಿಲ್ಲುತ್ತದೆ.

ಮಾಗಡಿಯಲ್ಲಿ ದಿನಸಿ ಅಂಗಡಿ ಇಟ್ಟಿರುವ ಒಬ್ಬ ಹಿರಿಯ ಶ್ರಾವಕರ ಮನೆಯಲ್ಲಿ ಅದು ಎದ್ದದ್ದು ಸಂಕ್ರಾಂತಿಯ ಹಿಂದಿನ ದಿನ. ಅವರ ಮೊಮ್ಮಗ ಇಂಜಿನಿಯರಿಂಗ್ ಓದುವಾಗ ಹಾಸ್ಟೆಲಿನಲ್ಲಿ ಗೆಳೆಯರ ಜೊತೆಗೂಡಿ ಮಾಂಸ ತಿನ್ನಲಾರಂಭಿಸಿ, ನಾಲ್ಕು ವರ್ಷ ಮನೆಯವರಿಗೆ ತಿಳಿಯದಂತೆ ನಡೆಸಿಕೊಂಡಿದ್ದ. ತಿಳಿದಾಗ ಮನೆಯಲ್ಲಿ ಗದ್ದಲವಾಗಲಿಲ್ಲ. ಅಜ್ಜಿ ಮೂರು ದಿನ ಮಾತನಾಡಲಿಲ್ಲ, ಅಷ್ಟೆ. ಮುಂದೆ ಅವನಾಗಿಯೇ ಬಿಟ್ಟ. ಬಿಡುವುದಕ್ಕೆ ಅವನಿಗೆ ಊರುಗೋಲಾದದ್ದು ಈ ಪೊಟ್ಟಣಗಳು. ಆ ಸಲ ಊರಿಗೆ ಬರುವಾಗ ಅಂತಹದೇ ಎರಡು ಪೊಟ್ಟಣಗಳನ್ನು ತಂದು ಅಡುಗೆಮನೆಯ ಬಾಗಿಲಲ್ಲಿ ನಿಂತ.

‘ಇದರಲ್ಲಿ ಜೀವ ಇಲ್ಲ ತಾತ. ಸೋಯಾ, ಬಟಾಣಿ, ಎಣ್ಣೆ. ಬೇಕಾದರೆ ನೀವೇ ಓದಿ ನೋಡಿ.’

‘ಜೀವ ಇಲ್ಲ, ಸರಿ. ಮತ್ತೆ ಹೆಸರು ಯಾಕೆ ಹೀಗಿಟ್ಟಿದ್ದಾರೆ ಮಗು?’

‘ಹೆಸರು ನನ್ನಂಥವರಿಗೋಸ್ಕರ ತಾತ. ನಿಮಗೋಸ್ಕರ ಅಲ್ಲ.’

ಅಜ್ಜಿ ಒಳಗಿನಿಂದಲೇ, ‘ನನ್ನ ಬಾಣಲೆಗೆ ಬೇಡಪ್ಪ’ ಎಂದರು.

ಹಿರಿಯರು ಅಂದು ಉತ್ತರ ಹೇಳಲಿಲ್ಲ. ಪೊಟ್ಟಣಗಳನ್ನು ಪಕ್ಕದ ಅಂಗಡಿಯ ಐಸ್‌ಕ್ರೀಮ್ ಪೆಟ್ಟಿಗೆಯಲ್ಲಿ ಇರಿಸಿಬರಲು ಹೇಳಿ ಸುಮ್ಮನಾದರು. ಅವರ ಮೌನಕ್ಕೆ ಕಾರಣವಿತ್ತು. ಜೈನಾಚಾರದಲ್ಲಿ ಮದ್ಯ, ಮಾಂಸ, ಮಧುಗಳ ತ್ಯಾಗ ಶ್ರಾವಕನ ಮೂಲಗುಣಗಳಲ್ಲಿ ಸೇರಿದ್ದು. ಸಮಂತಭದ್ರಾಚಾರ್ಯರ ‘ರತ್ನಕರಂಡಕ ಶ್ರಾವಕಾಚಾರ’ವನ್ನು ಓದಿದವರಿಗೆ ಇದರಲ್ಲಿ ಸಂಶಯವಿಲ್ಲ. ಅಮೃತಚಂದ್ರಾಚಾರ್ಯರು ‘ಪುರುಷಾರ್ಥಸಿದ್ಧ್ಯುಪಾಯ’ದಲ್ಲಿ ತಾನಾಗಿ ಸತ್ತ ಪಶುವಿನ ಮಾಂಸವನ್ನೂ ನಿಷೇಧಿಸಿ, ಕೊಂದವನು ನಾನಲ್ಲವೆಂಬ ನೆಪವನ್ನು ಅಡಗಿಸಿದ್ದಾರೆ, ಅಂತಹ ಮಾಂಸದಲ್ಲಿಯೂ ಸೂಕ್ಷ್ಮಜೀವಗಳು ನಿರಂತರ ಹುಟ್ಟುತ್ತವೆಂಬುದು ಅವರು ಕೊಡುವ ಕಾರಣ. ಆದರೆ ಮಾಂಸವೇ ಅಲ್ಲದ ಮಾಂಸದ ವಿಷಯದಲ್ಲಿ ಈ ಗ್ರಂಥಗಳು ನೇರವಾಗಿ ಏನೂ ಹೇಳುವುದಿಲ್ಲ. ಅಲ್ಲಿ ಸಹಾಯಕ್ಕೆ ಬರುವುದು ಹಿಟ್ಟಿನ ಹುಂಜವೊಂದೇ.

ಹಿಂಸೆಯನ್ನು ತತ್ತ್ವಾರ್ಥಸೂತ್ರವು ಪ್ರಮಾದಯುಕ್ತ ಯೋಗದಿಂದ ಆಗುವ ಪ್ರಾಣಹರಣವೆಂದು ನಿರೂಪಿಸಿದೆ. ಭಾವಹಿಂಸೆ ದ್ರವ್ಯಹಿಂಸೆಗಳೆಂಬ ವಿಂಗಡಣೆ ಆ ನೆಲೆಯಿಂದ ಬೆಳೆದದ್ದು. ಮಹಾಮತ್ಸ್ಯದ ಕಿವಿಯಲ್ಲಿ ವಾಸಿಸುವ, ಅಕ್ಕಿಕಾಳಿನಷ್ಟು ಗಾತ್ರದ ತಂದುಲಮತ್ಸ್ಯವು ಯಾವ ಮೀನನ್ನೂ ನುಂಗದೆ, ತಾನಾಗಿದ್ದರೆ ಒಂದನ್ನೂ ಬಿಡುತ್ತಿರಲಿಲ್ಲವೆಂಬ ಯೋಚನೆ ಮಾತ್ರದಿಂದಲೇ ನರಕಕ್ಕೆ ಇಳಿಯಿತೆಂಬ ಕಥೆಯನ್ನು ಅಜ್ಜಿಯರು ಇಂದಿಗೂ ಹೇಳುತ್ತಾರೆ. ಈ ಕಥೆಯನ್ನೂ ಯಶೋಧರನ ಕಥೆಯನ್ನೂ ಜೊತೆಗಿಟ್ಟು ಓದಿದವರು ಸೋಯಾದ ಮಾಂಸ ಸರ್ವಥಾ ವರ್ಜ್ಯವೆಂದು ಬೇಗನೆ ತೀರ್ಮಾನಿಸಿಬಿಡುತ್ತಾರೆ. ಆ ತೀರ್ಮಾನ ಅವಸರದ್ದು. ಯಶೋಧರನ ದೋಷ ಹಿಟ್ಟಿನಲ್ಲಿರಲಿಲ್ಲ. ಕೊಲ್ಲುವ ಸಂಕಲ್ಪವನ್ನು ಕೈಬಿಡದೆ, ಕೊಲೆಯ ಫಲವನ್ನು ಬಯಸುತ್ತಲೇ, ಅದರ ಹೊಣೆಯಿಂದ ಮಾತ್ರ ತಪ್ಪಿಸಿಕೊಳ್ಳುವುದಕ್ಕೆ ಅವನು ಹಿಟ್ಟನ್ನು ಮುಂದೆ ಮಾಡಿದ. ಹಾಸ್ಟೆಲಿನಿಂದ ಹಿಂದಿರುಗಿದ ಹುಡುಗ ಕೊಲ್ಲುವುದರಿಂದ ದೂರ ಸರಿಯಲೆಂದು ಅದೇ ಹಿಟ್ಟನ್ನು ಹಿಡಿದಿದ್ದಾನೆ. ಇಬ್ಬರ ತಟ್ಟೆಯಲ್ಲಿಯೂ ಹಿಟ್ಟೇ ಇದೆ, ಆದರೆ ಮುಖ ಮಾಡಿರುವ ದಿಕ್ಕು ಬೇರೆ. ಹಾಗಿದ್ದರೂ ಎಂದೂ ಮಾಂಸ ಮುಟ್ಟದ ಮನೆಯವರು, ಕೇವಲ ಆ ರುಚಿ ಹೇಗಿರುತ್ತದೆಂಬ ಕುತೂಹಲದಿಂದ ಪೊಟ್ಟಣ ಒಡೆದರೆ, ಅವರು ನಿಂತಿರುವ ಸ್ಥಳ ಯಶೋಧರನಿಗೆ ಹೆಚ್ಚು ಸಮೀಪವೆನ್ನಬೇಕಾಗುತ್ತದೆ.

ಇಲ್ಲಿ ಸಕ್ಕರೆ ಅಚ್ಚಿನ ಮಾತೂ ಬರುತ್ತದೆ. ಸಂಕ್ರಾಂತಿಗೆ ಎಳ್ಳಿನೊಂದಿಗೆ ಹಂಚುವ ಸಕ್ಕರೆ ಅಚ್ಚುಗಳಲ್ಲಿ ಗಿಳಿ, ನವಿಲು, ಹಸು, ಕೋಳಿಗಳ ಆಕಾರಗಳೂ ಇರುವುದುಂಟು. ಚಿಕ್ಕಂದಿನಲ್ಲಿ ತನಗೆ ಕೋಳಿ ಅಚ್ಚನ್ನು ಕೊಡುತ್ತಿದ್ದವರು ಯಾರೆಂದು ಮೊಮ್ಮಗ ಮರುದಿನ ಅಜ್ಜಿಯನ್ನು ಕೇಳಿದ. ‘ನಾನು ಕೊಡ್ತಿದ್ದದ್ದು ಹೂವಿನ ಅಚ್ಚು, ಬೃಂದಾವನದ ಅಚ್ಚು. ಹಕ್ಕಿದು ಬಂದರೆ ಎತ್ತಿಡ್ತಿದ್ದೆ. ನೀನು ಅದಕ್ಕೇ ಅಳ್ತಿದ್ದೆ’ ಎಂದು ಅವರು ಉತ್ತರಿಸಿದರು. ಪ್ರಾಣಿಯ ಆಕಾರದ ತಿನಿಸನ್ನು ಮಕ್ಕಳ ಕೈಗೆ ಕೊಟ್ಟರೆ, ಅವರು ಮೊದಲು ಕಚ್ಚುವುದೇ ತಲೆಯನ್ನು. ಹಳೆಯ ಕಾಲದ ಗೃಹಿಣಿಯರು ಇದನ್ನು ತತ್ತ್ವವೆಂದು ಬಣ್ಣಿಸದೆ ಸುಮ್ಮನೆ ಆಚರಿಸಿಕೊಂಡು ಬಂದರು.

ಇನ್ನು ಆರೋಗ್ಯದ ಮಾತು. ಎಲ್ಲ ಪರ್ಯಾಯಗಳನ್ನೂ ಒಂದೇ ಮೂಟೆಯಲ್ಲಿ ಕಟ್ಟುವುದು ಸರಿಯಲ್ಲ. ಊರಿನ ದಿನಸಿ ಅಂಗಡಿಗಳಲ್ಲಿ ದಶಕಗಳಿಂದ ‘ಮೀಲ್ ಮೇಕರ್’ ಎಂಬ ಹೆಸರಿನಲ್ಲಿ ಮಾರಾಟವಾಗುವ ಸೋಯಾ ಉಂಡೆಗಳು ಒಂದು ಬಗೆ. ಸೋಯಾ ಅವರೆಯಿಂದ ದ್ರಾವಕದ ಸಹಾಯದಿಂದ ಎಣ್ಣೆಯನ್ನು ತೆಗೆದ ಮೇಲೆ ಉಳಿಯುವ ಹಿಟ್ಟನ್ನು, ಬಿಸಿ ಮತ್ತು ಒತ್ತಡದಲ್ಲಿ ಸಣ್ಣ ಕಂಡಿಯ ಮೂಲಕ ನೂಕಿದಾಗ ಅದು ಉಬ್ಬಿ ಸ್ಪಂಜಿನಂತಾಗುತ್ತದೆ. ಈ ವಿಧಾನ 1960ರ ದಶಕದಲ್ಲಿ ಅಮೆರಿಕದಲ್ಲಿ ಬಳಕೆಗೆ ಬಂದದ್ದು. ಒಣಗಿದ 100 ಗ್ರಾಂ ಉಂಡೆಯಲ್ಲಿ ಸುಮಾರು 50 ಗ್ರಾಂ ಪ್ರೋಟೀನು ಇರುತ್ತದೆ, ಕೊಬ್ಬು ಅತ್ಯಲ್ಪ, ಉಪ್ಪನ್ನು ಹಾಕುವುದು ಅಡುಗೆ ಮಾಡುವವರ ಕೈಯಲ್ಲೇ ಇದೆ. ನೆನೆದಾಗ ಎರಡು ಮೂರು ಪಟ್ಟು ಹಿಗ್ಗುವುದರಿಂದ ಒಬ್ಬರ ಊಟಕ್ಕೆ 25 ಗ್ರಾಂ ಸಾಕು.

ಎರಡನೆಯ ಬಗೆ ಶೀತಲ ಪೆಟ್ಟಿಗೆಯ ಪೊಟ್ಟಣ. ಅದರ ಹಿಂಬದಿಯ ಸಣ್ಣಕ್ಷರಗಳನ್ನು ಕನ್ನಡಕ ಹಾಕಿಕೊಂಡು ಓದಬೇಕು: ಬೇರ್ಪಡಿಸಿದ ಪ್ರೋಟೀನು, ಸಂಸ್ಕರಿಸಿದ ಎಣ್ಣೆ, ಗೋದಿಯ ಅಂಟು, ಮೀಥೈಲ್ ಸೆಲ್ಯುಲೋಸಿನಂತಹ ಗಟ್ಟಿಕಾರಕ, ಯೀಸ್ಟಿನ ಸಾರ, ಪರಿಮಳದ್ರವ್ಯ, ಬಣ್ಣ, ಸಾಕಷ್ಟು ಉಪ್ಪು. ಬ್ರೆಜಿಲಿನ ಸಾವೊಪಾಲೊ ವಿಶ್ವವಿದ್ಯಾಲಯದ ಕಾರ್ಲೋಸ್ ಮಾಂಟೈರೊ ಅವರು 2009ರಲ್ಲಿ ಆಹಾರಗಳನ್ನು ಪೋಷಕಾಂಶಗಳ ಬದಲು ಸಂಸ್ಕರಣದ ಮಟ್ಟಕ್ಕನುಗುಣವಾಗಿ ವಿಂಗಡಿಸುವ ಕ್ರಮವನ್ನು ಮುಂದಿಟ್ಟರು; ‘ನೋವಾ’ ಎಂದು ಕರೆಯಲಾಗುವ ಆ ಕ್ರಮದಲ್ಲಿ ಇಂತಹ ಪದಾರ್ಥಗಳು ಕಡೆಯ ಗುಂಪಿಗೆ, ಅಂದರೆ ಅತಿಸಂಸ್ಕರಿತ ಆಹಾರಗಳ ಗುಂಪಿಗೆ ಸೇರುತ್ತವೆ. ಆ ಗುಂಪಿನ ಆಹಾರವನ್ನೇ ತಿಂದರೆ ಏನಾಗುತ್ತದೆಂಬುದನ್ನು ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ ಕೆವಿನ್ ಹಾಲ್ ಅವರ ತಂಡ 2019ರಲ್ಲಿ ಪರೀಕ್ಷಿಸಿ ತೋರಿಸಿತು. 20 ಜನರನ್ನು ಎರಡು ವಾರ ಅತಿಸಂಸ್ಕರಿತ ಆಹಾರದಲ್ಲೂ ಎರಡು ವಾರ ಸಾದಾ ಆಹಾರದಲ್ಲೂ ಇರಿಸಿ, ಬೇಕೆನಿಸಿದಷ್ಟು ಉಣ್ಣಲು ಬಿಟ್ಟಾಗ, ಅತಿಸಂಸ್ಕರಿತ ಆಹಾರದ ದಿನಗಳಲ್ಲಿ ಅವರು ದಿನವೊಂದಕ್ಕೆ ಸುಮಾರು 500 ಕ್ಯಾಲೊರಿ ಹೆಚ್ಚಾಗಿ ಉಂಡರು, ತೂಕವೂ ಏರಿತು.

ಇದರ ಎದುರಿಗೆ ಇಡಬೇಕಾದ ಇನ್ನೊಂದು ಅಧ್ಯಯನವೂ ಉಂಟು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಕ್ರಿಸ್ಟೊಫರ್ ಗಾರ್ಡ್‌ನರ್ ಅವರ ತಂಡ 2020ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ 36 ಜನ ಎಂಟು ವಾರ ನಿಜವಾದ ಮಾಂಸವನ್ನೂ ಎಂಟು ವಾರ ಸಸ್ಯಜನ್ಯ ಪರ್ಯಾಯವನ್ನೂ ತಿಂದರು. ಪರ್ಯಾಯದ ದಿನಗಳಲ್ಲಿ ಅವರ ಕೆಟ್ಟ ಕೊಲೆಸ್ಟರಾಲ್ ತಗ್ಗಿತು. ಹೃದ್ರೋಗಕ್ಕೆ ಸಂಬಂಧಿಸಿದ ಟಿಎಮ್‌ಎಒ ಎಂಬ ದ್ರವ್ಯವೂ ಕಡಿಮೆಯಾಯಿತು. ಆ ಅಧ್ಯಯನಕ್ಕೆ ಹಣ ಒದಗಿಸಿದ್ದು ಬಿಯಾಂಡ್ ಮೀಟ್ ಸಂಸ್ಥೆಯೇ ಎಂಬುದನ್ನು ಮರೆಯಲಾಗದು. ಹಾಗೆಂದ ಮಾತ್ರಕ್ಕೆ ಫಲಿತಾಂಶ ಸುಳ್ಳೆನ್ನುವಂತೆಯೂ ಇಲ್ಲ. ಎರಡನ್ನೂ ಕೂಡಿಸಿ ನೋಡಿದರೆ ಕಾಣುವುದು ಇಷ್ಟು: ಮಾಂಸ ತಿನ್ನುವವನು ಅದನ್ನು ಬಿಟ್ಟು ಇದಕ್ಕೆ ಬಂದರೆ ಅವನ ದೇಹಕ್ಕೆ ಸ್ವಲ್ಪ ಲಾಭವೇ; ಬೇಳೆ ಕಾಳು ಉಣ್ಣುವವನು ಅವನ್ನು ಬಿಟ್ಟು ಇದಕ್ಕೆ ಹೋದರೆ ನಷ್ಟವೇ. ಹೋಲಿಕೆ ಯಾವುದರೊಡನೆ ಎಂಬುದನ್ನು ಕೇಳದೆ ಕೊಡುವ ಉತ್ತರಕ್ಕೆ ಬೆಲೆಯಿಲ್ಲ. ಜಾಹೀರಾತುಗಳು ಸದಾ ಮೊದಲನೆಯ ಹೋಲಿಕೆಯನ್ನೇ ಮುಂದೊಡ್ಡಿ, ಎರಡನೆಯವನಿಗೂ ಸರಕನ್ನು ಮಾರುತ್ತವೆ.

ಸಂಸ್ಕರಿಸಿದ್ದೆಲ್ಲ ಹೀನವೆಂದು ಹೇಳುವವರು ಮೈಸೂರನ್ನೊಮ್ಮೆ ನೆನೆಯಬೇಕು. 1950ರಲ್ಲಿ ಚೆಲುವಾಂಬ ವಿಲಾಸದಲ್ಲಿ ನೆಲೆಗೊಂಡ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯವು ಕಡಲೆಕಾಯಿ ಹಿಂಡಿಯ ಹಿಟ್ಟು ಮುಕ್ಕಾಲು ಪಾಲು, ಕಡಲೆಹಿಟ್ಟು ಕಾಲು ಪಾಲು ಬೆರೆಸಿ, ಜೀವಸತ್ತ್ವ ಸುಣ್ಣಗಳನ್ನು ಸೇರಿಸಿ ‘ವಿವಿಧೋದ್ದೇಶ ಆಹಾರ’ವೊಂದನ್ನು ಸಿದ್ಧಪಡಿಸಿತು. ಕಡಲೆಕಾಯಿಯ ಪ್ರೋಟೀನನ್ನು ಬೆರೆಸಿ ಹಾಲನ್ನು ಹಿಗ್ಗಿಸುವ ‘ಮಿಲ್ಟೋನ್’ ಕೂಡ ಅಲ್ಲಿಯದೇ ಕೊಡುಗೆ. ಅವೆಲ್ಲ ಹಸಿದ ಮಕ್ಕಳನ್ನು ಕಣ್ಣಮುಂದಿಟ್ಟುಕೊಂಡು ಮಾಡಿದವು, ಯಾವ ಪ್ರಾಣಿಯ ವೇಷವನ್ನೂ ತೊಟ್ಟಿರಲಿಲ್ಲ.

ಶಾಕಾಹಾರಿಗಳಿಗೆ ಪ್ರೋಟೀನು ಸಾಲದೆಂಬ ಭಯವನ್ನು ಇಂದು ಮೂಲೆಮೂಲೆಯಲ್ಲಿ ಹಬ್ಬಿಸಲಾಗುತ್ತಿದೆ. ಲೆಕ್ಕ ಕಠಿಣವಲ್ಲ. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆ 2020ರಲ್ಲಿ ಸೂಚಿಸಿದ ಪ್ರಮಾಣ ದೇಹತೂಕದ ಕಿಲೋಗೆ 0.83 ಗ್ರಾಂ; 60 ಕಿಲೋ ತೂಕದವರಿಗೆ ದಿನಕ್ಕೆ 50 ಗ್ರಾಂ. ರಾಗಿ 100 ಗ್ರಾಮಿನಲ್ಲಿ 7, ಅಕ್ಕಿ 100 ಗ್ರಾಮಿನಲ್ಲಿ ಸುಮಾರು 8, ಅವರೆ ಹುರುಳಿ ತೊಗರಿಗಳಲ್ಲಿ ಯಾವುದಾದರೂ 75 ಗ್ರಾಮಿನಲ್ಲಿ 16, ಎರಡು ಲೋಟ ಹಾಲು ಮಜ್ಜಿಗೆಯಲ್ಲಿ 12, ಒಂದು ಹಿಡಿ ಕಡಲೆಕಾಯಿ ಬೀಜದಲ್ಲಿ 7. ಅಲ್ಲಿಗೆ ಐವತ್ತು ತುಂಬಿತು. ರಾಗಿಯ 100 ಗ್ರಾಮಿನಲ್ಲಿ 340 ಮಿಲಿಗ್ರಾಮಿಗೂ ಮೀರಿ ಸುಣ್ಣದಂಶವಿರುವುದು ಮೇಲ್ಪಟ್ಟ ಲಾಭ. ಆದರೆ ಕಟುಸತ್ಯವೊಂದನ್ನು ಹೇಳಲೇಬೇಕು: ಈ 75 ಗ್ರಾಂ ಕಾಳು ಎಷ್ಟು ಮನೆಗಳ ಎಲೆಯ ಮೇಲೆ ನಿಜವಾಗಿ ಬೀಳುತ್ತಿದೆ? ಅನ್ನದ ಗುಡ್ಡೆ, ತಿಳಿಸಾರು, ತುಪ್ಪ, ಸಂಜೆಗೆ ಕರಿದ ತಿಂಡಿ, ಮೇಲೊಂದು ಸಿಹಿ, ಇದೂ ಶಾಕಾಹಾರವೇ. ಅದೇ ಸಂಸ್ಥೆಯ 2024ರ ಮಾರ್ಗಸೂಚಿ ಧಾನ್ಯಗಳಿಂದ ಬರುವ ಶಕ್ತಿ ಒಟ್ಟಿನ ಶೇಕಡಾ 45ನ್ನು ಮೀರಬಾರದೆಂದು ಹೇಳಿದೆ. ಅತಿಸಂಸ್ಕರಿತ ಆಹಾರದ ಮೇಲೆ ಹರಿಹಾಯುವ ಹಿರಿಯರು ತಮ್ಮ ಮನೆಯ ಚೌಚೌ ಡಬ್ಬಿಯತ್ತ ನೋಡಿಕೊಳ್ಳುವುದು ಅಪರೂಪ. ಇನ್ನು ಬಿ12 ಜೀವಸತ್ತ್ವ ಸಸ್ಯಗಳಲ್ಲಿ ಇಲ್ಲ. ಹಾಲು ಮೊಸರು ಬಳಸುವವರಿಗೆ ಒಂದಿಷ್ಟು ದೊರೆಯುತ್ತದೆ, ವಯಸ್ಸಾದವರು ವೈದ್ಯರಲ್ಲಿ ರಕ್ತಪರೀಕ್ಷೆ ಮಾಡಿಸಿಕೊಳ್ಳುವುದು ಒಳಿತು.

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳು 2007ರಲ್ಲಿ ಒಂದು ಜಿಲ್ಲೆಯಾಗಿ, 2025ರಲ್ಲಿ ಬೆಂಗಳೂರು ದಕ್ಷಿಣವೆಂಬ ಹೊಸ ಹೆಸರನ್ನು ಪಡೆದರೂ, ಊಟ ಹಳೆಯದೇ: ರಾಗಿಮುದ್ದೆ, ಸಾರು. ನೆರೆಯವರಲ್ಲಿ ಬಹುಪಾಲು ಜನ ಮಾಂಸಾಹಾರಿಗಳು. ಬಾಡೂಟ ಅವರಿಗೆ ಬಂಧುಬಳಗವನ್ನು ಕೂಡಿಸುವ ಸಂತೋಷ. ಶ್ರಾವಕರು ಅದನ್ನು ಹಳಿಯುತ್ತ ಬಾಳಿದವರಲ್ಲ, ಉಣ್ಣದೆ ಬಾಳಿದವರು. ಕುತೂಹಲದ ಸಂಗತಿಯೆಂದರೆ ಮಾಂಸಕ್ಕೆ ಪರ್ಯಾಯವನ್ನು ಬಹುಕಾಲದ ಹಿಂದೆಯೇ ಕಂಡುಕೊಂಡವರು ಈ ನೆರೆಯವರೇ. ಶ್ರಾವಣದಲ್ಲಿ, ಕಾರ್ತಿಕ ಸೋಮವಾರಗಳಲ್ಲಿ ಮಾಂಸ ಬಿಟ್ಟಾಗ ಅದೇ ಮಸಾಲೆಯನ್ನು ಅರೆದು ಎಳೆಯ ಹಲಸಿನಕಾಯಿಯ ಸಾರನ್ನೋ ಕಾಳುಸಾರನ್ನೋ ಮಾಡುತ್ತಾರೆ. ಚಳಿಗಾಲ ಬಂದರೆ ಹಿತಕಿದ ಬೇಳೆಯದು. ಅದನ್ನು ಯಾರೂ ಸುಳ್ಳು ಮಾಂಸವೆಂದು ಕರೆಯಲಿಲ್ಲ, ಹಿತಕಿದ ಬೇಳೆ ಸಾರೆಂದೇ ಕರೆದರು. ಮಸಾಲೆ ಹೋದರೆ ಮಾಂಸದಲ್ಲಿ ಉಳಿಯುವ ರುಚಿ ಎಷ್ಟೆಂಬುದನ್ನು ಅಡುಗೆ ಬಲ್ಲವರು ಬಲ್ಲರು.

ಮಾಗಡಿಯ ಅವರೆಕಾಯಿಗೆ ಬೆಂಗಳೂರಿನ ಪೇಟೆಯಲ್ಲಿ ವಿಶೇಷ ಹೆಸರಿದೆ. ಮಾರ್ಗಶಿರ ಪುಷ್ಯಗಳ ಇಬ್ಬನಿ ಬಿದ್ದಷ್ಟೂ ಅದರ ಸೊಗಡು ಏರುತ್ತದೆಂದು ಬೆಳೆಗಾರರ ನಂಬಿಕೆ. ರಾಗಿಯ ಹೊಲದಲ್ಲಿ ಅಕ್ಕಡಿ ಸಾಲಾಗಿ ಬಿತ್ತಿದ ಅವರೆ ಮಳೆಯ ನೀರಿನಲ್ಲೇ ಬೆಳೆದು, ರಾಗಿ ಕೊಯ್ದ ಮೇಲೂ ನಿಂತು ಕಾಯಿ ಕೊಡುತ್ತದೆ. ಬೇರಿನ ಗಂಟುಗಳಲ್ಲಿ ಗಾಳಿಯ ಸಾರಜನಕವನ್ನು ಹಿಡಿದಿಟ್ಟು ಮಣ್ಣಿಗೆ ಬಿಟ್ಟುಕೊಡುತ್ತದೆ. ಶೀತಲ ಪೆಟ್ಟಿಗೆಯ ಪೊಟ್ಟಣವೋ, ಎಲ್ಲೋ ಬೆಳೆದ ಬಟಾಣಿಯಿಂದ ಮತ್ತೆಲ್ಲೋ ಪ್ರೋಟೀನು ಬೇರ್ಪಟ್ಟು, ಇನ್ನೆಲ್ಲೋ ಆಕಾರ ಪಡೆದು, ಮೈನಸ್ 18 ಡಿಗ್ರಿ ಶೈತ್ಯದಲ್ಲಿ ಸಾವಿರ ಮೈಲಿ ಸಾಗಿ ಬರಬೇಕು. ಇಷ್ಟಾದರೂ ಅದು ಮಾಂಸಕ್ಕಿಂತ ಭೂಮಿಗೆ ಹಗುರವೇ ಎಂಬುದು ನಿಜ. ಜೋಸೆಫ್ ಪೂರ್ ಮತ್ತು ಥಾಮಸ್ ನೆಮೆಚೆಕ್ ಎಂಬ ವಿಜ್ಞಾನಿಗಳು 119 ದೇಶಗಳ ಸುಮಾರು 38,700 ಹೊಲಗಳ ಮಾಹಿತಿಯನ್ನು ಕೂಡಿಸಿ 2018ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ, 100 ಗ್ರಾಂ ಪ್ರೋಟೀನಿಗಾಗಿ ಹೊರಬೀಳುವ ಹಸಿರುಮನೆ ಅನಿಲ ಮಾಂಸಕ್ಕೆಂದೇ ಸಾಕಿದ ದನದ ಮಾಂಸದಲ್ಲಿ ಸುಮಾರು 50 ಕಿಲೋ, ಕೋಳಿಯಲ್ಲಿ 6 ಕಿಲೋಗೆ ಸಮೀಪ, ಸೋಯಾದ ಟೋಫುವಿನಲ್ಲಿ 2 ಕಿಲೋ, ಬೇಳೆಕಾಳಿನಲ್ಲಿ ಒಂದು ಕಿಲೋಗೂ ಕಡಿಮೆ. ಇದೇ ಪಟ್ಟಿಯಲ್ಲಿ ಗಿಣ್ಣಿನ ಅಂಕಿ, ಅಂದರೆ ಚೀಸಿನದು, ಸುಮಾರು 11 ಕಿಲೋ. ಕೋಳಿಗಿಂತ ಚೀಸು ಭೂಮಿಗೆ ಭಾರವೆಂಬ ಈ ಸಾಲನ್ನು ಶಾಕಾಹಾರದ ಹೆಮ್ಮೆಯ ಭಾಷಣಗಳಲ್ಲಿ ಯಾರೂ ಓದಿ ಹೇಳುವುದಿಲ್ಲ. ಹಾಲು ಕೊಡದ ಗಂಡು ಕರುವಿನ ಗತಿಯೇನೆಂಬ ಪ್ರಶ್ನೆಯೂ ಅದರ ಹಿಂದೆಯೇ ನಿಂತಿದೆ.

ಅವರೆಕಾಯಿಯಲ್ಲಿಯೂ ಹಿಂಸೆಯಿಲ್ಲವೆಂದಲ್ಲ. ಕಾಯಿ ಸುಲಿಯುವಾಗ ಹಸಿರು ಹುಳು ಬರುವುದು ಎಲ್ಲರ ಅನುಭವ. ಶ್ರಾವಕರ ಮನೆಗಳಲ್ಲಿ ಹಗಲ ಬೆಳಕಿನಲ್ಲಿ ಕುಳಿತು, ಒಂದೊಂದು ಕಾಯಿಯನ್ನೂ ಬಿಡಿಸಿ ನೋಡಿ, ಹುಳುವಿದ್ದರೆ ಸಿಪ್ಪೆಯ ಸಮೇತ ಗಿಡದ ಬುಡಕ್ಕೆ ಬಿಟ್ಟುಬರುವ ರೂಢಿಯುಂಟು. ಯತ್ನಾಚಾರವೆಂಬ ಮಾತಿಗೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ದೊರೆಯುವುದು ಕಷ್ಟ. ಕಾರ್ಖಾನೆಯಲ್ಲಿ ಟನ್ನುಗಟ್ಟಲೆ ಕಾಳು ಅರೆಯುವಾಗ ಆ ಕಣ್ಣು, ಆ ಬೆರಳು ಇರುವುದಿಲ್ಲ. ಆದರೆ ಸಂಜೆ ಏಳಕ್ಕೆ ಕೆಲಸದಿಂದ ಹಿಂದಿರುಗುವ ಸೊಸೆಯಂದಿರಿಗೆ ಎರಡು ಕಿಲೋ ಅವರೆ ಸುಲಿದು ಹಿತಕಿ ಎಂದು ಹೇಳುವ ಅಧಿಕಾರ, ತಾವು ಜೊತೆಗೆ ಕೂತು ಸುಲಿಯದ ಗಂಡಸರಿಗೆ ಇದೆಯೆಂದು ತೋರುವುದಿಲ್ಲ.

ಪೊಟ್ಟಣದ ಮೇಲಿನ ಹಸಿರು ಚುಕ್ಕೆಯನ್ನು ನಂಬಿ ನಿಶ್ಚಿಂತರಾಗುವವರೂ ಎಚ್ಚರಗೊಳ್ಳಬೇಕು. ಹಾಲಿನ ಅಂಶವಿದ್ದರೂ ಹಸಿರು ಚುಕ್ಕೆ ಸಲ್ಲುತ್ತದೆ. ಈರುಳ್ಳಿ, ಬೆಳ್ಳುಳ್ಳಿ, ಅಣಬೆ, ಯೀಸ್ಟುಗಳಿದ್ದರೂ ಸಲ್ಲುತ್ತದೆ. ಪೂರ್ಣ ಸಸ್ಯಜನ್ಯ ಆಹಾರಕ್ಕೆ ಪ್ರತ್ಯೇಕ ಚಿಹ್ನೆ ಬಂದದ್ದು 2022ರ ನಿಯಮದಿಂದ. ಐಎನ್‌ಎಸ್ 471, 631 ಎಂಬಂತಹ ಸಂಖ್ಯೆಗಳ ಹಿಂದಿರುವ ದ್ರವ್ಯಗಳನ್ನು ಸಸ್ಯದಿಂದಲೂ ಮಾಡಬಹುದು, ಪ್ರಾಣಿಯಿಂದಲೂ ಮಾಡಬಹುದು. ವಿದೇಶಗಳಲ್ಲಿರುವ ಬಂಧುಗಳಿಗಂತೂ ಇದು ಇನ್ನೂ ಮುಖ್ಯ: ಇಂಗ್ಲೆಂಡಿನಲ್ಲಿ 1985ರಿಂದ ಮಾರಾಟವಾಗುವ ಕ್ವಾರ್ನ್ ಎಂಬುದು ಬೂಷ್ಟಿನ ಜಾತಿಯ ಜೀವಿಯಿಂದ ತಯಾರಾದದ್ದು, ಅದರ ಅನೇಕ ತಿನಿಸುಗಳಲ್ಲಿ ಮೊಟ್ಟೆಯ ಬಿಳಿಯಿರುತ್ತದೆ. ಇಂಪಾಸಿಬಲ್ ಸಂಸ್ಥೆ ತನ್ನ ಸರಕಿಗೆ ರಕ್ತದ ಕೆಂಪನ್ನು ಕೊಡುವ ದ್ರವ್ಯ ನಿರಪಾಯಕರವೆಂದು ತೋರಿಸಲು ಇಲಿಗಳ ಮೇಲೆ ಪ್ರಯೋಗ ನಡೆಸಿತು. ಸಂಸ್ಥಾಪಕರೇ 2017ರಲ್ಲಿ ಇದನ್ನು ಬಹಿರಂಗವಾಗಿ ಒಪ್ಪಿಕೊಂಡು, ಅದು ತಮಗೆ ಸಂಕಟದ ನಿರ್ಧಾರವಾಗಿತ್ತೆಂದು ಹೇಳಿದರು. 2013ರಲ್ಲಿ ಲಂಡನ್ನಿನಲ್ಲಿ ಬೇಯಿಸಿ ತೋರಿಸಿದ, 2020ರಲ್ಲಿ ಸಿಂಗಪುರ ಮಾರಾಟಕ್ಕೆ ಅನುಮತಿಸಿದ ಜೀವಕೋಶದ ಮಾಂಸವಂತೂ ಬೇರೆಯೇ ಜಾತಿ. ಅದು ಪ್ರಾಣಿಯ ಕೋಶದಿಂದಲೇ ಬೆಳೆದದ್ದಾದ್ದರಿಂದ ಪರ್ಯಾಯವಲ್ಲ, ಮಾಂಸವೇ.

ಸಂಕ್ರಾಂತಿಯ ಮಧ್ಯಾಹ್ನ ಎಲ್ಲರೂ ಅವರೆಕಾಯಿ ಸುಲಿಯುತ್ತ ಕುಳಿತಿದ್ದಾಗ ಮೊಮ್ಮಗ ಇನ್ನೊಂದು ಮಾತು ಕೇಳಿದ. ಅಜ್ಜಿ ಹಬ್ಬಕ್ಕೆಂದು ರೇಷ್ಮೆ ಸೀರೆ ಉಟ್ಟಿದ್ದರು.

‘ಪೊಟ್ಟಣದಲ್ಲಿ ಒಂದು ಹುಳುವೂ ಸತ್ತಿಲ್ಲ ಅಜ್ಜಿ. ಈ ಸೀರೆಯಲ್ಲಿ?’

ಪ್ರಶ್ನೆ ಉದ್ಧಟತನದ್ದಾಗಿ ಕೇಳಿಸಿದರೂ ಅದು ಈ ನೆಲದ್ದೇ. ಏಷ್ಯಾದ ಅತಿದೊಡ್ಡ ರೇಷ್ಮೆಗೂಡಿನ ಮಾರುಕಟ್ಟೆಗಳಲ್ಲಿ ಒಂದೆಂದು ಹೆಸರಾದದ್ದು ರಾಮನಗರದ್ದು. ಒಂದು ಕಿಲೋ ಕಚ್ಚಾರೇಷ್ಮೆಗೆ 6ರಿಂದ 8 ಕಿಲೋ ಗೂಡು ಬೇಕು; ನೂಲು ತುಂಡಾಗಬಾರದೆಂದು ಗೂಡನ್ನು ಹುಳು ಒಡೆದು ಬರುವ ಮೊದಲೇ ಬಿಸಿ ಆವಿಗೆ, ಕುದಿನೀರಿಗೆ ಒಡ್ಡುತ್ತಾರೆ. ನೂಲು ಬಿಚ್ಚಿದ ಮೇಲೆ ಉಳಿಯುವ ಸತ್ತ ಕೋಶಗಳು ಕೋಳಿ ಮೀನುಗಳ ಆಹಾರಕ್ಕೆ ಹೋಗುತ್ತವೆ. ಹೀಗೆ ರೇಷ್ಮೆಯ ದಾರ ಸುತ್ತಿಬಳಸಿ ಕೋಳಿಯ ತಟ್ಟೆಗೇ ಬಂದು ಮುಟ್ಟುತ್ತದೆ. ಚನ್ನಪಟ್ಟಣದ ಗೊಂಬೆಯ ಹೊಳಪಿಗೆ ಬಳಸುವ ಅರಗೂ ಕೀಟದಿಂದಲೇ ಬರುವಂತಹದು. ಸಂಕಲ್ಪೀ ಹಿಂಸೆ ಬೇರೆ, ಉದ್ಯೋಗೀ ಹಿಂಸೆ ಬೇರೆ ಎಂಬ ಶಾಸ್ತ್ರದ ವಿಂಗಡಣೆ ಗೃಹಸ್ಥನಿಗೆ ಬದುಕಲು ಎಡೆಮಾಡಿಕೊಡುತ್ತದೆ ಸರಿಯಷ್ಟೆ. ಆದರೆ ರೇಷ್ಮೆ ಬೆಳೆದು ಹೊಟ್ಟೆ ಹೊರೆಯುವ ರೈತನಿಗೆ ಸಲ್ಲುವ ಆ ರಿಯಾಯಿತಿ, ಹಬ್ಬಕ್ಕೆ ಉಡುವವರಿಗೂ ಅಷ್ಟೇ ಸಲೀಸಾಗಿ ಸಲ್ಲುವುದೆ?

ಅಜ್ಜಿ ಮಾತನಾಡಲಿಲ್ಲ. ಹಿರಿಯರು ಸುಲಿದ ಕಾಳನ್ನು ಬೋಗುಣಿಗೆ ಹಾಕುತ್ತ, ‘ಅವನು ಕೇಳಿದ್ದು ಸರಿ ಇದೆ. ನನ್ನ ಹತ್ತಿರ ಉತ್ತರ ಇಲ್ಲ’ ಎಂದರು. ಸ್ವಲ್ಪ ಹೊತ್ತಿನ ಮೇಲೆ ಪೊಟ್ಟಣದ ವಿಷಯಕ್ಕೂ ಬಂದರು. ‘ನೀನು ಬೆಂಗಳೂರಲ್ಲಿ ತಿನ್ನು, ಬೇಡ ಅನ್ನಲ್ಲ. ಈ ಒಲೆ ಮೇಲೆ ಬೇಡ. ಇಲ್ಲಿ ಮಾಂಸದ ನೆನಪು ಇಲ್ಲದವರಿದ್ದಾರೆ, ಅವರಿಗೆ ಹೊಸದಾಗಿ ನೆನಪು ಮಾಡಿಕೊಡೋದು ಯಾಕೆ?’ ಮನೆಯಲ್ಲಿ ಆರು ವರ್ಷದ ಮರಿಮೊಮ್ಮಗಳಿದ್ದಳು. ಮಾತು ಅವಳನ್ನು ಕುರಿತದ್ದೆಂದು ಹುಡುಗನಿಗೆ ತಿಳಿಯಿತು. ಅವನು ವಾದ ಬೆಳೆಸಲಿಲ್ಲ.

ಅವರ ಅಂಗಡಿಯಲ್ಲಿ ಈಗಲೂ ಸೋಯಾ ಉಂಡೆಯ ಚೀಲವೊಂದು ಹುರುಳಿ ಮೂಟೆಯ ಪಕ್ಕದಲ್ಲಿ ಬಾಯಿ ತೆರೆದು ನಿಂತಿರುತ್ತದೆ. ಮಾಂಸದ ಹೆಸರು ಹೊತ್ತ ಪೊಟ್ಟಣಗಳನ್ನು ಇಡಿರೆಂದು ವಿತರಕರು ಬಂದು ಕೇಳಿದ್ದುಂಟು. ಕೊಳ್ಳುವವರು ಬೇರೆ ಅಂಗಡಿಯಲ್ಲಿ ಕೊಳ್ಳಲಿ, ತಮ್ಮ ಆಕ್ಷೇಪವಿಲ್ಲವೆಂದು ಹೇಳಿ ಅವರು ಕಳುಹಿಸಿಬಿಟ್ಟರು. ಮೊಮ್ಮಗ ಮಾಂಸದತ್ತ ಮರಳಲಿಲ್ಲ. ಪೊಟ್ಟಣಗಳನ್ನು ಕೊಳ್ಳುವುದನ್ನೂ ಒಂದು ವರ್ಷದೊಳಗೆ ನಿಲ್ಲಿಸಿದನೆಂದು ತಿಳಿದುಬಂದಿದೆ. ಕಾರಣವನ್ನು ಅಜ್ಜಿ ಕೇಳಿದಾಗ, ಒಂದು ಪೊಟ್ಟಣದ ಬೆಲೆಗೆ ನಾಲ್ಕು ದಿನದ ಬೇಳೆ ಬರುತ್ತದೆಂದು ಹೇಳಿದನಂತೆ.